ಪಿಸ್ಟನ್ ಬದಲಿಸಿದರೆ ಬಲ ಹೆಚ್ಚುವುದೆ?

ಹುಬ್ಬಳ್ಳಿಯ ಗೋಕುಲ ರಸ್ತೆಯೆಂದರೆ ಕೈಗಾರಿಕಾ ವಸಾಹತು, ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ, ವಿಮಾನ ನಿಲ್ದಾಣ ಇವುಗಳ ದಾರಿ. ಇಂತಹ ದಾರಿಯ ಬದಿಯ ಗ್ಯಾರೇಜಿನಲ್ಲಿ ಎಂಜಿನ್ನನ್ನು ಬಿಚ್ಚಿ ಹರಡಿರುವಾಗ ತರುಣರಿಗೆ ಹೊಳೆಯುವ ಪ್ರಶ್ನೆಯೊಂದುಂಟು: ಬೇರೊಂದು ಎಂಜಿನ್ನಿನ ಪಿಸ್ಟನ್ನುಗಳನ್ನು ಇದಕ್ಕೆ ತೊಡಿಸಿದರೆ ಬಲ ಹೆಚ್ಚುವುದಂತೆ, ನಿಜವೆ? ನಿಜ; ಆದರೆ ಅರ್ಧ ಮಾತ್ರ. ಉಳಿದರ್ಧವನ್ನು ಅರಿಯದೆ ಕೈಹಾಕಿದರೆ ಎಂಜಿನ್ನೇ ಹಾಳಾದೀತು.

ಪಿಸ್ಟನ್ನು ಸಿಲಿಂಡರಿನಲ್ಲಿ ಮೇಲಕ್ಕೇರುವಾಗ ಪೆಟ್ರೋಲಿನ ಆವಿ ಬೆರೆತ ಗಾಳಿಯನ್ನು ಒತ್ತಿ ಕುಗ್ಗಿಸುತ್ತದೆ. ಕುಗ್ಗುವ ಮೊದಲಿನ ಗಾತ್ರವನ್ನು ಕುಗ್ಗಿದ ಗಾತ್ರದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಸಂಪೀಡನ ಅನುಪಾತ. ೧೮೭೬ರಲ್ಲಿ ಜರ್ಮನಿಯ ನಿಕೊಲಾಸ್ ಆಟೊ ನಿರ್ಮಿಸಿದ ಎಂಜಿನ್ನಿನಲ್ಲಿ ಇದು ಮೂರಕ್ಕಿಂತ ಕಡಮೆಯಿತ್ತು. ಇಂದಿನ ಅನೇಕ ಪೆಟ್ರೋಲ್ ಕಾರುಗಳಲ್ಲಿ ಹತ್ತನ್ನು ದಾಟಿದೆ. ಇಕ್ಕಟ್ಟಿನಲ್ಲಿ ಉರಿದ ಅನಿಲಕ್ಕೆ ಹಿಗ್ಗಲು ಹೆಚ್ಚು ಅವಕಾಶ. ಅದು ಹಿಗ್ಗಿದಷ್ಟೂ ಅದರ ಉಷ್ಣದ ಹೆಚ್ಚು ಪಾಲು ಕೆಲಸವಾಗಿ ಮಾರ್ಪಡುತ್ತದೆ. ಹೊಗೆಕೊಳವೆಯ ಮೂಲಕ ವ್ಯರ್ಥವಾಗುವ ಪಾಲು ತಗ್ಗುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಅಂಬಾಸಡರ್ ಕಾರಿನ ತಯಾರಿಕೆ ೨೦೧೪ರಲ್ಲಿ ನಿಂತಿತಷ್ಟೆ. ಅದರ ಹಿಂದಿನ ೧೪೮೯ ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನ್ನು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಶ್ರೇಣಿಗೆ ಸೇರಿದುದು. ಇದೇ ಅಳತೆಯ ಎಂಜಿನ್ನು ಬ್ರಿಟನ್ನಿನಲ್ಲಿ ೭.೨ ಮತ್ತು ೮.೩ ಎಂಬ ಎರಡು ಅನುಪಾತಗಳಲ್ಲಿ ದೊರೆಯುತ್ತಿತ್ತು. ನಾಲ್ಕು ಸಿಲಿಂಡರುಗಳಲ್ಲಿ ಪ್ರತಿಯೊಂದರ ಪಾಲಿಗೆ ೩೭೨ ಘನ ಸೆಂಟಿಮೀಟರು. ಪಿಸ್ಟನ್ನು ತುದಿ ಮುಟ್ಟಿದಾಗ ಮೇಲೆ ೬೦ ಘನ ಸೆಂಟಿಮೀಟರು ಉಳಿದರೆ ಅನುಪಾತ ೭.೨; ೫೧ ಉಳಿದರೆ ೮.೩. ವ್ಯತ್ಯಾಸ ೯ ಘನ ಸೆಂಟಿಮೀಟರು, ಎಂದರೆ ಎರಡು ಚಹಾ ಚಮಚದಷ್ಟೂ ಇಲ್ಲ! ತಗ್ಗು ತಲೆಯ ಪಿಸ್ಟನ್ನನ್ನು ತೆಗೆದು ಸಪಾಟು ತಲೆಯದನ್ನು ಇಟ್ಟರೆ ಇಷ್ಟು ಸ್ಥಳ ತುಂಬಿಹೋಗುತ್ತದೆ.

ಲಾಭವೆಷ್ಟು? ಆದರ್ಶ ಎಂಜಿನ್ನಿನ ಲೆಕ್ಕದಂತೆ ದಕ್ಷತೆ ಶೇಕಡ ೫೪.೬ರಿಂದ ೫೭.೧ಕ್ಕೆ ಏರುತ್ತದೆ. ಅದೇ ಪೆಟ್ರೋಲಿನಿಂದ ಸುಮಾರು ಶೇಕಡ ನಾಲ್ಕೂವರೆಯಷ್ಟು ಹೆಚ್ಚು ಕೆಲಸ. ನಿಜವಾದ ಎಂಜಿನ್ನಿನ ದಕ್ಷತೆ ಇದಕ್ಕಿಂತ ಬಹಳ ಕಡಮೆ. ಅನುಪಾತ ಏರಿದಂತೆಲ್ಲ ಲಾಭವೂ ಕುಗ್ಗುತ್ತದೆ: ೧೨ರಿಂದ ೧೩ಕ್ಕೇರಿಸಿದರೆ ಸಿಗುವುದು ಶೇಕಡ ಎರಡಕ್ಕೂ ಕಡಮೆ.

ಇನ್ನು ಹೊಂದಾಣಿಕೆಯ ವಿಚಾರ. ಪರಕೀಯ ಪಿಸ್ಟನ್ನಿನ ವ್ಯಾಸ ಸರಿಹೊಂದಿದರೆ ಸಾಲದು. ಅದನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಪಿನ್ನಿನ ದಪ್ಪವೂ, ಪಿನ್ನಿನ ನಡುವಿನಿಂದ ಪಿಸ್ಟನ್ನಿನ ತಲೆಯವರೆಗಿನ ಎತ್ತರವೂ, ತೂಕವೂ ಹೊಂದಬೇಕು. ನಮ್ಮ ಉದಾಹರಣೆಯ ಸಿಲಿಂಡರಿನ ವ್ಯಾಸ ೭೩ ಮಿಲಿಮೀಟರು. ತಲೆ ಒಂದೇ ಮಿಲಿಮೀಟರು ಮೇಲೆದ್ದರೂ ೪ ಘನ ಸೆಂಟಿಮೀಟರಿಗೂ ಮಿಕ್ಕಿ ಸ್ಥಳ ತುಂಬುತ್ತದೆ; ಹೆಚ್ಚು ಎದ್ದರೆ ವಾಲ್ವಿಗೆ ಬಡಿದೀತು. ಆದುದರಿಂದ ಅನುಭವಿಗಳು ಪಿಸ್ಟನ್ನಿನ ತಲೆಗೆ ಮೆದುವಾದ ಜೇಡಿಯನ್ನು ಮೆತ್ತಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ, ಬಳಿಕ ಜೇಡಿಯನ್ನು ಕೊಯ್ದು ಅದರ ದಪ್ಪವನ್ನು ಅಳೆಯುತ್ತಾರೆ. ಉಳಿದಿರುವ ಅಂತರ ಆಗ ಕಣ್ಣಿಗೇ ಕಾಣುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಬೇರೆಯೇ ಇದೆ. ಒತ್ತಿದ ಗಾಳಿ ಕಾಯುತ್ತದೆಂಬುದು ಸೈಕಲ್ಲಿಗೆ ಗಾಳಿ ಹಾಕಿದವರಿಗೆಲ್ಲ ಗೊತ್ತು. ೩೦ ಡಿಗ್ರಿ ಸೆಲ್ಸಿಯಸ್ಸಿನ ಗಾಳಿಯನ್ನು ೭.೨ರ ಅನುಪಾತದಲ್ಲಿ ಒತ್ತಿದರೆ, ಆದರ್ಶ ಲೆಕ್ಕದಂತೆ, ಸುಮಾರು ೩೯೦ ಡಿಗ್ರಿಗೂ ೮.೩ರಲ್ಲಿ ಸುಮಾರು ೪೩೦ ಡಿಗ್ರಿಗೂ ಕಾಯುತ್ತದೆ. ಕಿಡಿ ಹೊತ್ತಿಸಿದ ಜ್ವಾಲೆ ಹಬ್ಬುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಸಿಡಿಯಬಹುದು. ಇದೇ ಕುಟ್ಟುವಿಕೆ. ಲೋಹ ಬಡಿದಂತಹ ಟಣಟಣ ಸದ್ದು ಇದರ ಕುರುಹು. ಇದು ಮುಂದುವರಿದರೆ ಪಿಸ್ಟನ್ನಿನ ಉಂಗುರಗಳು ಮುರಿಯುತ್ತವೆ, ತಲೆ ತೂತು ಬೀಳುತ್ತದೆ.

ಕುಟ್ಟದೆ ಉರಿಯುವ ಗುಣದ ಅಳತೆಯೇ ಆಕ್ಟೇನ್ ಸಂಖ್ಯೆ. ೧೯೨೧ರಲ್ಲಿ ಅಮೆರಿಕದ ತಾಮಸ್ ಮಿಡ್ಗ್ಲಿ ಸೀಸದ ಸಂಯುಕ್ತವೊಂದನ್ನು ಬೆರೆಸಿ ಇದನ್ನು ಏರಿಸಿದನು. ಆ ಸೀಸ ವಿಷವೆಂದು ಭಾರತದಲ್ಲಿ ೨೦೦೦ದಲ್ಲಿ ಅದನ್ನು ಕೈಬಿಡಲಾಯಿತು. ೨೦೨೩ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶೇಕಡ ೨೦ ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ದೊರೆಯಿತು. ಎಥನಾಲಿಗೂ ಆಕ್ಟೇನನ್ನು ಹೆಚ್ಚಿಸುವ ಗುಣವುಂಟು.

ಹುಬ್ಬಳ್ಳಿ ಸಮುದ್ರಮಟ್ಟದಿಂದ ೬೦೦ ಮೀಟರಿಗೂ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಯದಕ್ಕಿಂತ ತೆಳು. ಹೀಗಿರಲು ಗೋಕುಲ ರಸ್ತೆಯಲ್ಲಿ ಸದ್ದಿಲ್ಲದೆ ಓಡಿದ ಕಾರು, ಅಂಕೋಲೆಗೆ ಇಳಿದು, ಮಂದಿ-ಸಾಮಾನು ತುಂಬಿಕೊಂಡು ಬೇಸಗೆಯಲ್ಲಿ ಅರಬೈಲ್ ಘಟ್ಟವನ್ನು ಮರಳಿ ಏರುವಾಗ ಕುಟ್ಟತೊಡಗಬಹುದು. ದಟ್ಟವಾದ ಗಾಳಿ, ಭಾರ, ನಿಧಾನವಾದ ವೇಗ ಈ ಮೂರೂ ಕುಟ್ಟುವಿಕೆಗೆ ಅನುಕೂಲ. ಊರೊಳಗಿನ ಪರೀಕ್ಷೆಯನ್ನೇ ನಂಬುವಂತಿಲ್ಲ.

ವಾಹನದ ಮೂಲ ವಿವರಗಳು ಬದಲಾಗುವಂತಹ ಮಾರ್ಪಾಡಿಗೆ ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನ ನಿರ್ಬಂಧವಿದೆಯೆಂಬುದನ್ನೂ ಮರೆಯಬಾರದು. ವಿದ್ಯಾರ್ಥಿಗಳು ಕಾಲೇಜಿನ ಕಾರ್ಯಾಗಾರದಲ್ಲಿ ಹಳೆಯ ಎಂಜಿನ್ನೊಂದು ಸಿಕ್ಕಿದರೆ, ಅದರ ದಹನಕೋಣೆಗೆ ಬ್ಯುರೆಟ್ಟಿನಿಂದ ಎಣ್ಣೆ ತುಂಬಿ ಗಾತ್ರವನ್ನು ಅಳೆದು, ಅನುಪಾತವನ್ನು ತಾವೇ ಕಂಡುಹಿಡಿಯಲಿ. ಒಂಬತ್ತು ಘನ ಸೆಂಟಿಮೀಟರಿನ ಬೆಲೆ ಏನೆಂಬುದು ಆಗ ಚೆನ್ನಾಗಿ ಮನದಟ್ಟಾಗುವುದು.