ಒಂದೇ ಟೋಕನ್ ಇಬ್ಬರ ಕೈಗೆ ಹೋದದ್ದು ಹೇಗೆ?

ವಿಜ್ಞಾನ ಪ್ರದರ್ಶನದ ದಿನ ಊಟದ ಟೋಕನ್ ಕೊಡುವ ಪ್ರೋಗ್ರಾಂ ಬರೆದವನು ನಾನು. ಎರಡು ಕೌಂಟರ್‌ಗಳಲ್ಲಿ ಎರಡು ಲ್ಯಾಪ್‌ಟಾಪ್ ಇದ್ದವು. ಟೋಕನ್ ನಂಬರ್ ಕೊಡುವ ಪೈಥಾನ್ ಪ್ರೋಗ್ರಾಂ ಮಾತ್ರ ಲ್ಯಾಬ್‌ನ ಒಂದೇ ಕಂಪ್ಯೂಟರ್‌ನಲ್ಲಿ ನಡೆಯುತ್ತಿತ್ತು. ಮಧ್ಯಾಹ್ನ 48ನೇ ಟೋಕನ್ ಹಿಡಿದುಕೊಂಡು ಇಬ್ಬರು ಬಂದರು. ನಕಲಿ ಟೋಕನ್ ತಂದಿದ್ದಾನೆಂದು ಪ್ರಥಮ ಪಿಯುಸಿಯ ಹುಡುಗನೊಬ್ಬ ಎಲ್ಲರೆದುರು ಬೈಸಿಕೊಂಡ. ತಪ್ಪು ಅವನದಾಗಿರಲಿಲ್ಲ, ನನ್ನ ಪ್ರೋಗ್ರಾಂನದಾಗಿತ್ತು.

ಒಂದು ಪ್ರೋಗ್ರಾಂನೊಳಗೆ ಏಕಕಾಲಕ್ಕೆ ಸಾಗುವ ಕೆಲಸದ ಸಾಲುಗಳಿಗೆ ಥ್ರೆಡ್ ಎನ್ನುತ್ತಾರೆ. ನಾನು ಪ್ರತಿ ಕೌಂಟರ್‌ಗೆ ಒಂದು ಥ್ರೆಡ್ ಇಟ್ಟಿದ್ದೆ. ಒಂದೇ ಪ್ರೋಗ್ರಾಂನ ಥ್ರೆಡ್‌ಗಳಿಗೆ ಮೆಮೊರಿಯೂ ಒಂದೇ. ಕೊನೆಯ ನಂಬರ್ ಇದ್ದ ವೇರಿಯಬಲ್ಲನ್ನು ಎರಡೂ ಥ್ರೆಡ್‌ಗಳು ಮುಟ್ಟುತ್ತಿದ್ದವು. ಮೊದಲನೆಯದು 47 ಎಂದು ಓದಿತು. ಅದು ಒಂದು ಕೂಡಿಸಿ ಮರಳಿ ಬರೆಯುವ ಮೊದಲೇ ಎರಡನೆಯದೂ 47 ಎಂದೇ ಓದಿತು. ಎರಡೂ 48 ಕೊಟ್ಟವು. ಇದಕ್ಕೆ ರೇಸ್ ಕಂಡೀಷನ್ ಎಂದು ಹೆಸರು. ಹಿಂದಿನ ದಿನ ನಾನೊಬ್ಬನೇ ಕೂತು ಪರೀಕ್ಷಿಸಿದಾಗ ಇದು ಕಾಣಿಸಲೇ ಇಲ್ಲ!

ವೇರಿಯಬಲ್‌ಗೆ ಲಾಕ್ ಹಾಕುವುದು ಒಂದು ಪರಿಹಾರ. ನಾನು ಇನ್ನೊಂದನ್ನು ಆರಿಸಿದೆ, ಸಂದೇಶ ಕಳಿಸುವುದು. ಹೋಟೆಲ್‌ನಲ್ಲಿ ಸಪ್ಲೈಯರ್ ಒಳಗೆ ನುಗ್ಗಿ ದೋಸೆಕಲ್ಲಿಗೆ ಕೈ ಹಾಕುವುದಿಲ್ಲ, ಆರ್ಡರ್ ಚೀಟಿ ಕೊಡುತ್ತಾನೆ. ಭಟ್ಟರು ಬಂದ ಕ್ರಮದಲ್ಲೇ ಚೀಟಿ ನೋಡಿ ದೋಸೆ ಹುಯ್ಯುತ್ತಾರೆ. ಹಾಗೆಯೇ ಈಗ ನಂಬರನ್ನು ಮುಟ್ಟುವುದು ಒಂದೇ ಥ್ರೆಡ್. ಉಳಿದವು ಅದರ ಕ್ಯೂನಲ್ಲಿ ಕೋರಿಕೆ ಇಡುತ್ತವೆ. ಉತ್ತರ ಬರಲು ಪ್ರತಿ ಕೌಂಟರ್‌ಗೂ ಅದರದೇ ಇನ್ನೊಂದು ಕ್ಯೂ.

ಇದು ನಾವು ಪಾಠದಲ್ಲಿ ಕಲಿತ ಕ್ಯೂವೇ, ಮೊದಲು ಬಂದದ್ದು ಮೊದಲು ಹೊರಗೆ. ಪೈಥಾನ್‌ನ ಕ್ಯೂ ಮಾಡ್ಯೂಲ್ ಒಳಗಿನ ಲಾಕ್ ಕೆಲಸವನ್ನು ತಾನೇ ನೋಡಿಕೊಳ್ಳುತ್ತದೆ. 'ಪುಟ್' ಎಂದರೆ ಸಂದೇಶ ಇಡುವುದು, 'ಗೆಟ್' ಎಂದರೆ ತೆಗೆಯುವುದು. ಕ್ಯೂ ಖಾಲಿಯಿದ್ದರೆ 'ಗೆಟ್' ಸುಮ್ಮನೆ ಕಾಯುತ್ತದೆ. ಕೆಲಸ ಮುಗಿಯಿತೆಂದು ತಿಳಿಸಲು ನಾನು 'ನನ್' ಎಂಬ ಬೆಲೆಯನ್ನು ಕಳಿಸುತ್ತೇನೆ. ಅದು ಬಂದಾಗ ಥ್ರೆಡ್ ತಾನಾಗಿ ನಿಲ್ಲುವಂತೆ ಬರೆದಿದ್ದೇನೆ.

ಎರಡು ಎಚ್ಚರಿಕೆ ಹೇಳಲೇಬೇಕು. ಪೈಥಾನ್ ಕ್ಯೂನಲ್ಲಿ ಹೋಗುವುದು ವಸ್ತುವಿನ ಪ್ರತಿಯಲ್ಲ, ಅದೇ ವಸ್ತು. ಒಂದು ಲಿಸ್ಟ್ ಕಳಿಸಿದ ಮೇಲೆ ನೀವೇ ಅದನ್ನು ತಿದ್ದಿದರೆ ಹಳೆಯ ತೊಂದರೆ ಮರಳಿ ಬರುತ್ತದೆ. ಇನ್ನೊಂದು, ಎರಡು ಥ್ರೆಡ್‌ಗಳು ಪರಸ್ಪರರ ಸಂದೇಶಕ್ಕೆ ಕಾಯುತ್ತಾ ಕೂತರೆ ಎರಡೂ ಅಲ್ಲೇ ನಿಂತುಬಿಡುತ್ತವೆ. ಇದು ಡೆಡ್‌ಲಾಕ್.

ಈ ಆಲೋಚನೆ ಹೊಸದಲ್ಲ. ಏಕಕಾಲಕ್ಕೆ ಸಾಗುವ ಕೆಲಸಗಳು ಸಂದೇಶದ ಮೂಲಕವೇ ಮಾತಾಡುವ ಕ್ರಮವನ್ನು ಬ್ರಿಟನ್ನಿನ ಟೋನಿ ಹೋರ್ 1978ರ ಪ್ರಬಂಧದಲ್ಲಿ ವಿವರಿಸಿದರು. ಗೂಗಲ್ 2009ರಲ್ಲಿ ಪ್ರಕಟಿಸಿದ 'ಗೋ' ಭಾಷೆಯ ಚಾನೆಲ್‌ಗಳ ಬೇರು ಅಲ್ಲಿದೆ.

ತಿದ್ದಿದ ಪ್ರೋಗ್ರಾಂನಲ್ಲಿ ಎರಡು ಥ್ರೆಡ್‌ಗಳಿಂದ ಸಾವಿರ ಸಾವಿರ ಕೋರಿಕೆ ಕಳಿಸಿದೆ. 1ರಿಂದ 2000ದವರೆಗೆ ಒಂದೂ ನಂಬರ್ ಮರುಕಳಿಸಲಿಲ್ಲ. ಆ ಫಲಿತಾಂಶವನ್ನು ಮೊದಲು ತೋರಿಸಿದ್ದು ಆ ಹುಡುಗನಿಗೆ. ಅವನ ತರಗತಿಯಲ್ಲಿ ಎಲ್ಲರೆದುರೇ ಕ್ಷಮೆ ಕೇಳಿದೆ. ಬೈಸಿಕೊಂಡದ್ದೂ ಎಲ್ಲರೆದುರೇ ಅಲ್ಲವೇ?