ಚಳಿಜ್ವರಕ್ಕೆ ಮದ್ದು ತಂದ ತೂ ಯೂಯೂ

ಹೂಮಾಲೆಯ ನಡುವೆ ಒಂದೆಳೆ ದವನವನ್ನು ಸೇರಿಸಿ ಕಟ್ಟುವ ನಮ್ಮ ಗೃಹಿಣಿಯರಿಗೆ ಅದರ ಸುಗಂಧದ ಪರಿಚಯ ಚೆನ್ನಾಗಿಯೇ ಉಂಟು. ಆದರೆ ಅದೇ ಕುಲಕ್ಕೆ ಸೇರಿದ ಚೀನಾದ ಗಿಡವೊಂದು ಲಕ್ಷಾಂತರ ಮಂದಿಯ ಪ್ರಾಣವನ್ನು ಉಳಿಸಿದ ಸಂಗತಿಯನ್ನು ಬಲ್ಲವರು ವಿರಳ. ಆ ಗಿಡದ ಹೆಸರು ಚಿಂಗ್‌ಹಾವ್. ಅದರ ಮರ್ಮವನ್ನು ಅರಸಿ ಹೊರಟ ತಂಡದ ನಾಯಕಿ ತೂ ಯೂಯೂ.

ಈಕೆ 1930ರಲ್ಲಿ ನಿಂಗ್ಬೊ ನಗರದಲ್ಲಿ ಜನಿಸಿದರು. ಹದಿನಾರರ ಹರೆಯದಲ್ಲಿ ಕ್ಷಯರೋಗ ತಗಲಿ ಎರಡು ವರ್ಷ ಶಾಲೆ ತಪ್ಪಿತು. 1955ರಲ್ಲಿ ಪೀಕಿಂಗಿನಲ್ಲಿ ಔಷಧಶಾಸ್ತ್ರದ ವ್ಯಾಸಂಗವನ್ನು ಪೂರೈಸಿ, ಅದೇ ವರ್ಷ ಸ್ಥಾಪಿತವಾದ ಸಾಂಪ್ರದಾಯಿಕ ಚೀನೀ ವೈದ್ಯ ಅಕಾಡೆಮಿಯನ್ನು ಸೇರಿದರು. 1959ರಲ್ಲಿ ಪುನಃ ವಿದ್ಯಾರ್ಥಿನಿಯಾದರು. ಪಾಶ್ಚಾತ್ಯ ಪದ್ಧತಿಯನ್ನು ಕಲಿತವರಿಗೆಂದೇ ಏರ್ಪಟ್ಟಿದ್ದ ಚೀನೀ ವೈದ್ಯದ ತರಗತಿಯಲ್ಲಿ ಎರಡೂವರೆ ವರ್ಷ ಕುಳಿತರು. ಮುಂದೆ ನಡೆದುದಕ್ಕೆಲ್ಲ ಈ ಎರಡನೆಯ ಓದೇ ತಳಹದಿಯೆಂದು ನಮಗೆ ತೋರುತ್ತದೆ.

ಅದು ವಿಯೆಟ್ನಾಂ ಯುದ್ಧದ ಕಾಲ. ಕಾಡಿನಲ್ಲಿ ಕಾದುತ್ತಿದ್ದ ಸೈನಿಕರಿಗೆ ಗುಂಡಿನ ಜೊತೆಗೆ ಮಲೇರಿಯದ ಕಾಟ. ಕ್ಲೋರೊಕ್ವಿನ್ ತನ್ನ ಕಸುವನ್ನು ಕಳೆದುಕೊಂಡಿತ್ತು. ಉತ್ತರ ವಿಯೆಟ್ನಾಮಿನ ಕೋರಿಕೆಯಂತೆ ಚೀನಾ 1967ರ ಮೇ 23ರಂದು ಗುಪ್ತ ಸಂಶೋಧನೆಯೊಂದನ್ನು ಆರಂಭಿಸಿತು. ಆ ತಾರೀಖಿನಿಂದಲೇ ಅದಕ್ಕೆ 523 ಎಂಬ ಹೆಸರು. 1969ರ ಜನವರಿಯಲ್ಲಿ ಅಕಾಡೆಮಿಯ ತಂಡದ ಹೊಣೆ ಯೂಯೂ ಅವರ ಹೆಗಲೇರಿತು. ಸಾಂಸ್ಕೃತಿಕ ಕ್ರಾಂತಿಯ ಆ ದಿನಗಳಲ್ಲಿ ಪತಿಯನ್ನು ಗ್ರಾಮಾಂತರದ ಶಿಬಿರಕ್ಕೆ ಕಳುಹಿಸಲಾಗಿತ್ತು. ಹಿರಿಯ ಮಗಳನ್ನು ಶಿಶುವಿಹಾರದಲ್ಲಿ, ಕಿರಿಯಳನ್ನು ತವರಿನಲ್ಲಿ ಬಿಟ್ಟು ಆಕೆ ಕೆಲಸಕ್ಕೆ ತೊಡಗಿದರು. ಮೂರು ವರ್ಷಗಳ ಬಳಿಕ ತವರಿಗೆ ಹೋದಾಗ ಕಿರಿಯ ಮಗಳಿಗೆ ತಾಯಿಯ ಗುರುತೇ ಹತ್ತಲಿಲ್ಲ! ಹಿರಿಯಳನ್ನು ಕರೆತರಲು ಹೋದರೆ ಆಕೆ ಶಿಕ್ಷಕಿಯ ಬೆನ್ನ ಹಿಂದೆ ಅಡಗಿಕೊಂಡಳು.

ತಂಡದವರು ಹಳೆಯ ಗ್ರಂಥಗಳನ್ನು ಶೋಧಿಸಿ, ಹಿರಿಯ ವೈದ್ಯರನ್ನು ಕೇಳಿ, ಎರಡು ಸಾವಿರಕ್ಕೂ ಮಿಕ್ಕಿ ಔಷಧಯೋಗಗಳನ್ನು ಕಲೆಹಾಕಿದರು. ಸುಮಾರು 200 ಮೂಲಿಕೆಗಳಿಂದ 380ಕ್ಕೂ ಹೆಚ್ಚು ಸಾರಗಳನ್ನು ತೆಗೆದು ಇಲಿಗಳ ಮೇಲೆ ಪರೀಕ್ಷಿಸಿದರು. ಚಿಂಗ್‌ಹಾವ್ ಒಮ್ಮೆ ಗುಣ ತೋರಿಸಿತು, ಮರುಸಲ ಕೈಕೊಟ್ಟಿತು. ಕಾರಣವೇನಿರಬಹುದು?

ಉತ್ತರ ದೊರೆತುದು ನಾಲ್ಕನೆಯ ಶತಮಾನದ ಗ ಹೊಂಗ್ ಎಂಬ ಪಂಡಿತನ ತುರ್ತುಚಿಕಿತ್ಸೆಯ ಕೈಪಿಡಿಯಲ್ಲಿ. ಕಷಾಯವೆಂದರೆ ಕುದಿಸುವುದು, ನಮ್ಮಲ್ಲಿ ಹೇಗೋ ಚೀನಾದಲ್ಲಿಯೂ ಹಾಗೆಯೇ. ಆದರೆ ಆ ಪಂಡಿತ ಒಂದು ಹಿಡಿ ಸೊಪ್ಪನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಆ ರಸವನ್ನು ಕುಡಿಯಬೇಕೆಂದು ಬರೆದಿದ್ದ. ಒಲೆಯ ಮಾತೇ ಅಲ್ಲಿರಲಿಲ್ಲ. ಹಾಗಾದರೆ ಕಾವಿನಿಂದಲೇ ಮದ್ದಿನ ಗುಣ ಕೆಡುತ್ತಿರಬಹುದೆ? ಯೂಯೂ ಅವರು ಎಲೆಯನ್ನು ಮಾತ್ರ ಆರಿಸಿ, ಅಲ್ಪ ಉಷ್ಣತೆಯಲ್ಲಿಯೇ ಕುದಿಯುವ ಈಥರ್ ದ್ರವದಿಂದ ಸಾರವನ್ನು ತೆಗೆಸಿದರು. 1971ರ ಅಕ್ಟೋಬರ್ 4ರಂದು ಪರೀಕ್ಷೆಯ ಫಲ ನೂರಕ್ಕೆ ನೂರು!

ಮರುವರ್ಷ, ರೋಗಿಗಳಿಗೆ ಕೊಡುವ ಮೊದಲು, ಆಕೆಯೂ ಇಬ್ಬರು ಸಹೋದ್ಯೋಗಿಗಳೂ ತಾವೇ ಆ ಮದ್ದನ್ನು ಸೇವಿಸಿ ನೋಡಿದರು. ಹೈನಾನ್ ದ್ವೀಪದ ರೋಗಿಗಳು ಚೇತರಿಸಿಕೊಂಡರು. 1972ರಲ್ಲಿಯೇ ಶುದ್ಧ ಹರಳಿನ ರೂಪದಲ್ಲಿ ಕೈಸೇರಿದ ಆ ವಸ್ತುವೇ ಇಂದಿನ ಆರ್ಟೆಮಿಸಿನಿನ್.

1977ರಲ್ಲಿ ಲೇಖನ ಪ್ರಕಟವಾದಾಗ ಅದರಲ್ಲಿ ಯಾರೊಬ್ಬರ ಹೆಸರೂ ಇರಲಿಲ್ಲ. ಅಂದಿನ ರೂಢಿ ಹಾಗಿತ್ತು. 2015ರಲ್ಲಿ ನೊಬೆಲ್ ಬಹುಮಾನದ ಅರ್ಧಭಾಗ ಯೂಯೂ ಅವರಿಗೆ ಸಂದಾಗ, ನೂರಾರು ಜನರ ದುಡಿಮೆಗೆ ಒಬ್ಬರಿಗೇ ಮನ್ನಣೆಯೇ ಎಂಬ ಹಳೆಯ ವಾದ ಮತ್ತೆ ಎದ್ದಿತು. ವಾದದಲ್ಲಿ ಹುರುಳಿಲ್ಲದಿಲ್ಲ. ಆದರೂ ಹಳೆಯ ಸಾಲೊಂದನ್ನು ಪ್ರಯೋಗಶಾಲೆಯ ಕಣ್ಣಿನಿಂದ ಓದಿದವರು ಈಕೆ. ಡಾಕ್ಟರೇಟ್ ಪದವಿಯಾಗಲಿ, ಪರದೇಶದ ಶಿಕ್ಷಣವಾಗಲಿ ಆಕೆಗಿರಲಿಲ್ಲ. 2001ರಲ್ಲಿ ಡಾಕ್ಟರೇಟ್ ಅಭ್ಯರ್ಥಿಗಳ ಮಾರ್ಗದರ್ಶಕರಾಗಿ ನೇಮಕಗೊಂಡು, ತಮಗಿಲ್ಲದ ಪದವಿಯನ್ನು ಶಿಷ್ಯರಿಗೆ ದೊರಕಿಸಿಕೊಡುವ ಗುರುವಾದರು.