ಓಡದ ಓಟ, ಮುಗಿಯದ ವಾದ

2021ರ ಡಿಸೆಂಬರ್ 12ರ ಸಂಜೆ, ಅಬುಧಾಬಿಯ ಯಾಸ್ ಮರೀನಾ ಪಥದಲ್ಲಿ, ಫಾರ್ಮುಲಾ ಒನ್ ಋತುವಿನ ಇಪ್ಪತ್ತೆರಡನೆಯದೂ ಅಂತಿಮವೂ ಆದ ಸ್ಪರ್ಧೆಗೆ ಲೂಯಿಸ್ ಹ್ಯಾಮಿಲ್ಟನ್ ಮತ್ತು ಮ್ಯಾಕ್ಸ್ ವೆರ್‌ಸ್ಟಾಪನ್ ಸನ್ನದ್ಧರಾಗಿ ನಿಂತಾಗ, ಇಬ್ಬರ ಲೆಕ್ಕದಲ್ಲಿಯೂ ಸಮಸಮನಾಗಿ 369.5 ಅಂಕಗಳಿದ್ದುವು. 1974ರಲ್ಲಿ ಎಮರ್ಸನ್ ಫಿಟ್ಟಿಪಾಲ್ಡಿ ಮತ್ತು ಕ್ಲೇ ರೆಗಜೋನಿ ಹೀಗೆಯೇ ಸರಿಸಮಾನರಾಗಿ ಕೊನೆಯ ಸ್ಪರ್ಧೆಗೆ ಬಂದಿದ್ದರು. ಅಲ್ಲಿಂದೀಚೆಗೆ ಅಂಥ ಯೋಗ ಮತ್ತೆ ಒದಗಿರಲಿಲ್ಲ. ಏಳು ಬಾರಿ ಚಾಂಪಿಯನ್ ಆಗಿ, ಎಂಟನೆಯದನ್ನು ಗೆದ್ದು ಮೈಕೆಲ್ ಶೂಮಾಕರ್ ಅವರ ದಾಖಲೆಯನ್ನು ಮೀರಲು ಹೊರಟಿದ್ದವರು ಒಬ್ಬರು. ಮೊದಲನೆಯದಕ್ಕಾಗಿ ಹಂಬಲಿಸುತ್ತಿದ್ದ ಇಪ್ಪತ್ತನಾಲ್ಕರ ತರುಣ ಇನ್ನೊಬ್ಬರು. ಲೋಕವೆಲ್ಲ ಈ ಸಮತ್ವವನ್ನು ಕಂಡು ಪುಳಕಗೊಂಡಿತು. ಆದರೆ ಆ ಅಂಕಗಳ ತುದಿಯಲ್ಲಿದ್ದ ಅರ್ಧ ಎಲ್ಲಿಂದ ಬಂತೆಂಬುದನ್ನು ಮರೆಯದಿದ್ದವರು ಅಭಿಮಾನಿಗಳು.

ಅದು ಬಂದದ್ದು ಬೆಲ್ಜಿಯಮ್ಮಿನ ಸ್ಪಾ ಫ್ರಾಂಕೊಶಾಂಪ್ಸ್‌ನಿಂದ. ಆರ್ಡೆನ್ ಅರಣ್ಯದ ಏರಿಳಿತಗಳ ನಡುವೆ ಏಳು ಕಿಲೋಮೀಟರುಗಳಷ್ಟು ಹಬ್ಬಿರುವ ಈ ಪಥ ಕನ್ನಡಿಗರಿಗೂ ಸಂಪೂರ್ಣ ಅಪರಿಚಿತವಲ್ಲ. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ತಂಡದ ಕಾರಿನಲ್ಲಿ ಜಿಯಾನ್‌ಕಾರ್ಲೊ ಫಿಸಿಕೆಲ್ಲಾ ಪೋಲ್ ಸ್ಥಾನದಿಂದ ಹೊರಟು ದ್ವಿತೀಯರಾಗಿ ಮುಗಿಸಿ, ಆ ತಂಡಕ್ಕೆ ಮೊದಲ ಅಂಕಗಳನ್ನು ತಂದುಕೊಟ್ಟದ್ದು 2009ರಲ್ಲಿ ಇಲ್ಲಿಯೇ. 2021ರ ಆಗಸ್ಟ್ 29ರ ಭಾನುವಾರ ಅಲ್ಲಿ ಮಳೆ ಬೆಳಗಿನಿಂದ ಬಿಡಲೇ ಇಲ್ಲ. ಪ್ರೇಕ್ಷಕರು ಕೊಡೆ ಹಿಡಿದು, ಕೆಸರಿನಲ್ಲಿ ನಿಂತು, ಗಂಟೆಗಟ್ಟಲೆ ಕಾದರು. ಹಿಂದಿನ ದಿನವಷ್ಟೇ ಅರ್ಹತಾ ಸುತ್ತಿನಲ್ಲಿ ಲ್ಯಾಂಡೊ ನಾರಿಸ್ ಅವರ ಕಾರು ಪಥದ ಏರೊಂದರಲ್ಲಿ ತಡೆಗೋಡೆಗೆ ಭೀಕರವಾಗಿ ಅಪ್ಪಳಿಸಿತ್ತು. ಎರಡು ವರ್ಷಗಳ ಹಿಂದೆ ಅದೇ ಏರಿನಲ್ಲಿ ಆಂತ್ವಾನ್ ಉಬೇರ್ ಎಂಬ ಫಾರ್ಮುಲಾ ಟೂ ಚಾಲಕ ಪ್ರಾಣ ಕಳೆದುಕೊಂಡಿದ್ದರು. ಮುಂದಿನ ಕಾರಿನ ಚಕ್ರಗಳು ಎರಚುವ ನೀರಿನ ತೆರೆಯಲ್ಲಿ ಹಿಂದಿನವನಿಗೆ ಏನೂ ಕಾಣದಿರುವಾಗ ಓಡಿಸದೆ ಇದ್ದುದು ತಪ್ಪೆಂದು ವಿವೇಕಿಯಾದ ಅಭಿಮಾನಿ ಹೇಳಲಾರನು, ಹೇಳಲೂ ಇಲ್ಲ. ಅಭಿಮಾನಿಗಳನ್ನು ಕೆರಳಿಸಿದ್ದು ಆಮೇಲೆ ನಡೆದದ್ದು. ಸಂಜೆ ಕಾರುಗಳನ್ನು ಸೇಫ್ಟಿ ಕಾರಿನ ಹಿಂದೆ ಸಾಲಾಗಿ ಹೊರಡಿಸಿ, ಯಾರೂ ಯಾರನ್ನೂ ಹಿಂದಿಕ್ಕಲು ಅವಕಾಶವಿಲ್ಲದಂತೆ ಕೆಲವೇ ಸುತ್ತು ಮೆರವಣಿಗೆ ಮಾಡಿಸಿ, ನಿಯಮದ ಅಕ್ಷರಕ್ಕೆ ಅಷ್ಟು ಸಾಕೆಂದು ಲೆಕ್ಕಹಾಕಿ, ಅರ್ಧ ಅಂಕಗಳನ್ನು ಹಂಚಿ, ವಿಜಯವೇದಿಕೆಯನ್ನೂ ಏರಿಸಿ ಮುಗಿಸಲಾಯಿತು. ಹಿಂದಿನ ದಿನ ಯಾವ ಕ್ರಮದಲ್ಲಿ ನಿಂತಿದ್ದರೋ ಬಹುಮಟ್ಟಿಗೆ ಅದೇ ಕ್ರಮ ಫಲಿತಾಂಶವಾಯಿತು: ವೆರ್‌ಸ್ಟಾಪನ್‌ಗೆ 12.5 ಅಂಕ, ಹ್ಯಾಮಿಲ್ಟನ್‌ಗೆ 7.5. ಪ್ರೇಕ್ಷಕರ ಹಣವನ್ನು ಮರಳಿಸಬೇಕೆಂದು ಬಹಿರಂಗವಾಗಿ ಹೇಳಿದವರಲ್ಲಿ ಹ್ಯಾಮಿಲ್ಟನ್ ಮುಖ್ಯರು.

ಅರ್ಧಾಂಕವನ್ನು ಅಲ್ಪವೆಂದು ತಿಳಿಯಬಾರದು. 1984ರಲ್ಲಿ ಮಳೆಯಿಂದ ಮೊನಾಕೊ ಸ್ಪರ್ಧೆ ನಡುವೆಯೇ ನಿಂತು, ಗೆದ್ದ ಅಲೆನ್ ಪ್ರಾಸ್ಟ್‌ಗೆ ಒಂಬತ್ತರ ಬದಲು ನಾಲ್ಕೂವರೆ ಅಂಕ ಬಂತು. ಆ ವರ್ಷದ ಕೊನೆಗೆ ನಿಕಿ ಲೌಡಾ ಅವರು ಪ್ರಾಸ್ಟ್‌ರನ್ನು ಸೋಲಿಸಿದ್ದು ಕೇವಲ ಅರ್ಧ ಅಂಕದಿಂದ. ಆದರೂ ಅಲ್ಲಿ ಓಟವೆಂಬುದೊಂದು ನಡೆದಿತ್ತು. ಸ್ಪಾದಲ್ಲಿ ನಡೆಯಲೇ ಇಲ್ಲ. ಆ ದಿನದ ಅಂಕಗಳನ್ನು ಕಳೆದು ನೋಡಿದರೆ, ಅಬುಧಾಬಿಗೆ ಬರುವ ವೇಳೆಗೆ ಹ್ಯಾಮಿಲ್ಟನ್‌ಗೆ 362, ವೆರ್‌ಸ್ಟಾಪನ್‌ಗೆ 357 ಅಂಕ ಇರುತ್ತಿದ್ದುವು. ಎಂದರೆ, ಜಗತ್ತೇ ಬೆರಗಾಗಿ ನೋಡಿದ ಆ ಸರಿಸಮತೆಯನ್ನು ನಿರ್ಮಿಸಿದ್ದು ಯಾರೂ ಓಡದ ಓಟ. ಇದನ್ನು ಹೇಳುವುದರಿಂದ ವೆರ್‌ಸ್ಟಾಪನ್ ಅವರ ಅರ್ಹತೆಗೆ ಕುಂದಿಲ್ಲ. ಅಬುಧಾಬಿಯ ಫಲ ಹಾಗೆಯೇ ಇದ್ದಿದ್ದರೆ 383ಕ್ಕೆ 380ರಂತೆ ಅವರೇ ಗೆಲ್ಲುತ್ತಿದ್ದರು. ನನ್ನ ಆಕ್ಷೇಪ ಸ್ಪರ್ಧಿಗಳ ಮೇಲಲ್ಲ. ಸ್ಪರ್ಧೆಯ ಸತ್ತ್ವವನ್ನು ಪ್ರದರ್ಶನದ ಅನುಕೂಲಕ್ಕೆ ಅಧೀನಗೊಳಿಸುವ ಪ್ರವೃತ್ತಿ ಆಗಸ್ಟ್‌ನಲ್ಲಿಯೇ ತಲೆದೋರಿತ್ತು, ಅಭಿಮಾನಿಗಳು ಅದನ್ನು ಆಗಲೇ ಗುರುತಿಸಿ ಕೂಗಿ ಹೇಳಿದ್ದರು, ಆ ಕೂಗಿಗೆ ಕಿವಿಗೊಡಬೇಕಾದವರು ಕಿವಿಗೊಡಲಿಲ್ಲ ಎಂಬುದಷ್ಟೇ ನನ್ನ ಹೇಳಿಕೆ.

ಅಭಿಮಾನಿಗಳ ಮಾತೆಲ್ಲ ಸದಾ ಸಾಧುವೆಂದು ನಾನು ವಾದಿಸುವವನಲ್ಲ. ಜುಲೈ 18ರಂದು ಸಿಲ್ವರ್‌ಸ್ಟೋನ್‌ನ ಕಾಪ್ಸ್ ತಿರುವಿನಲ್ಲಿ, ಮೊದಲ ಸುತ್ತಿನಲ್ಲಿಯೇ ಇಬ್ಬರ ಚಕ್ರಗಳೂ ತಾಗಿ ವೆರ್‌ಸ್ಟಾಪನ್ ಅವರ ಕಾರು ಗುರುತ್ವದ 51 ಪಟ್ಟು ಬಲದಿಂದ ತಡೆಗೋಡೆಗೆ ಬಡಿಯಿತು. ಅವರನ್ನು ಆಸ್ಪತ್ರೆಗೆ ಕೊಂಡೊಯ್ದರು. ಹತ್ತು ಸೆಕೆಂಡಿನ ದಂಡವನ್ನು ತೆತ್ತೂ ಹ್ಯಾಮಿಲ್ಟನ್ ಗೆದ್ದು ತವರಿನ ಜನರ ಮುಂದೆ ಸಂಭ್ರಮಿಸಿದರು. ತಪ್ಪು ಯಾರದು, ದಂಡ ಸಾಕಾಯಿತೆ, ಪ್ರತಿಸ್ಪರ್ಧಿ ಆಸ್ಪತ್ರೆಯಲ್ಲಿರುವಾಗ ಅಷ್ಟು ಸಂಭ್ರಮ ಸಲ್ಲುವುದೆ, ಇವೆಲ್ಲ ನ್ಯಾಯವಾದ ಪ್ರಶ್ನೆಗಳೇ. ಆದರೆ ಅಂದು ರಾತ್ರಿ ಹ್ಯಾಮಿಲ್ಟನ್ ಅವರ ಮೈಬಣ್ಣವನ್ನು ಹಿಡಿದು ಹರಿದ ನೀಚ ನಿಂದೆಯನ್ನು ಅಭಿಪ್ರಾಯವೆಂದು ಕರೆಯಲಾಗದು. ವೆರ್‌ಸ್ಟಾಪನ್ ಅವರ ತಂಡವಾದ ರೆಡ್ ಬುಲ್ ಕೂಡ ಅದನ್ನು ಖಂಡಿಸಿತು. ಎರಡು ವಾರದ ಬಳಿಕ ಹಂಗರಿಯಲ್ಲಿ ಹ್ಯಾಮಿಲ್ಟನ್ ಮಾತಾಡಲು ನಿಂತಾಗ ಪ್ರೇಕ್ಷಕರು ಅವರನ್ನು ಕೂಗಿ ಹೀಯಾಳಿಸಿದರು. ಇನ್ನು ಹೇಲೋ ಎಂಬ ಶಿರೋರಕ್ಷಕ ಚೌಕಟ್ಟಿನ ವಿಷಯ: 2018ರಲ್ಲಿ ಅದು ಬಂದಾಗ ಕಾರಿನ ಅಂದ ಕೆಟ್ಟಿತೆಂದು ಗೊಣಗಿದ ಹಳೆಯ ಅಭಿಮಾನಿಗಳು ಬಹುಮಂದಿ, 2021ರ ಸೆಪ್ಟೆಂಬರ್‌ನಲ್ಲಿ ಮೊಂಜಾದಲ್ಲಿ ವೆರ್‌ಸ್ಟಾಪನ್ ಅವರ ಕಾರು ಹ್ಯಾಮಿಲ್ಟನ್ ಅವರ ಕಾರಿನ ಮೇಲೇರಿ, ಚಕ್ರ ಅವರ ತಲೆಯವರೆಗೂ ಬಂದು, ಆ ಚೌಕಟ್ಟೇ ಅವರನ್ನು ಉಳಿಸಿದ ಮೇಲೆ ಗೊಣಗುವ ಕಾರಣವೇ ಇಲ್ಲವಾಯಿತು.

ಆದರೆ ಅದೇ ಜನಸಮೂಹದಲ್ಲಿ ಎಷ್ಟು ಔದಾರ್ಯವಿತ್ತೆಂಬುದನ್ನು ಬ್ರೆಜಿಲ್‌ನ ಇಂಟರ್ಲಾಗೋಸ್ ತೋರಿಸಿಕೊಟ್ಟಿತು. ಹಿಂಬದಿ ರೆಕ್ಕೆಯ ತೆರಪು 85 ಮಿಲಿಮೀಟರಿನ ಮಿತಿಯನ್ನು ಮೀರಿತೆಂದು ಹ್ಯಾಮಿಲ್ಟನ್ ಅರ್ಹತಾ ಸುತ್ತಿನಿಂದಲೇ ಅನರ್ಹರಾದರು. ಶನಿವಾರದ ಕಿರು ಸ್ಪರ್ಧೆಯಲ್ಲಿ ಇಪ್ಪತ್ತನೆಯ ಸ್ಥಾನದಿಂದ ಹೊರಟು ಇಪ್ಪತ್ತನಾಲ್ಕು ಸುತ್ತುಗಳಲ್ಲಿ ಐದನೆಯವರಾದರು. ಹೊಸ ಎಂಜಿನ್ನಿನ ದಂಡದಿಂದ ಮತ್ತೆ ಹತ್ತಕ್ಕೆ ಇಳಿದರು. ಭಾನುವಾರ ಅಲ್ಲಿಂದ ಮೇಲೇರಿ, ಒಮ್ಮೆ ವೆರ್‌ಸ್ಟಾಪನ್ ಅವರು ಪಥದಾಚೆಗೆ ಸರಿಯುವಂತೆ ಮಾಡಿದರೂ ಎದೆಗುಂದದೆ, ಗೆದ್ದೇಬಿಟ್ಟರು. ಐರ್ಟನ್ ಸೆನ್ನಾ ಅವರ ನೆನಪಿನ ಹಳದಿ ಶಿರಸ್ತ್ರಾಣ ತೊಟ್ಟಿದ್ದ ಅವರು ಬ್ರೆಜಿಲ್ ಧ್ವಜವನ್ನು ಕೈಗೆತ್ತಿಕೊಂಡಾಗ, ಪರದೇಶದವನೊಬ್ಬನನ್ನು ಆ ಜನ ತಮ್ಮ ಮಗನೆಂಬಂತೆ ಸ್ವೀಕರಿಸಿದರು. ಆ ಋತುವಿನ ಅತ್ಯುತ್ತಮ ಸ್ಪರ್ಧೆ ಯಾವುದೆಂದು ಕೇಳಿದರೆ ನಾನು ಸಂಕೋಚವಿಲ್ಲದೆ ಇದನ್ನೇ ಹೆಸರಿಸುವೆನು.

ಇಷ್ಟೆಲ್ಲ ಕಳೆದು ಅಬುಧಾಬಿ ಬಂತು. ಐವತ್ತೆಂಟು ಸುತ್ತುಗಳ ಸ್ಪರ್ಧೆಯಲ್ಲಿ ಐವತ್ತಮೂರನೆಯ ಸುತ್ತಿನವರೆಗೂ ಹ್ಯಾಮಿಲ್ಟನ್ ಆರಾಮವಾಗಿ ಮುಂದಿದ್ದರು. ಅಷ್ಟರಲ್ಲಿ ವಿಲಿಯಮ್ಸ್ ತಂಡದ ನಿಕೋಲಸ್ ಲತೀಫಿ ಗೋಡೆಗೆ ಬಡಿದು, ಸೇಫ್ಟಿ ಕಾರು ಹೊರಬಂತು. ವೆರ್‌ಸ್ಟಾಪನ್ ಪಿಟ್‌ಗೆ ಹೋಗಿ ಹೊಸ ಮೃದು ಟೈರುಗಳನ್ನು ಹಾಕಿಸಿಕೊಂಡರು. ಮುಂದಿನ ಸ್ಥಾನವನ್ನು ಬಿಡಲಾರದ ಹ್ಯಾಮಿಲ್ಟನ್ ಸವೆದ ಗಟ್ಟಿ ಟೈರುಗಳ ಮೇಲೆಯೇ ಉಳಿದರು. ಇಬ್ಬರ ನಡುವೆ ಒಂದು ಸುತ್ತು ಹಿಂದುಳಿದ ಐದು ಕಾರುಗಳಿದ್ದುವು. ಹಿಂದುಳಿದವರು ದಾಟಿ ಹೋಗುವಂತಿಲ್ಲವೆಂದು ಮೊದಲು ಘೋಷಿಸಿದ ಸ್ಪರ್ಧಾ ನಿರ್ದೇಶಕ ಮೈಕೆಲ್ ಮಾಸಿ, ಬಳಿಕ ಆ ಐದು ಕಾರುಗಳಿಗೆ ಮಾತ್ರ ದಾಟಲು ಅನುಮತಿಯಿತ್ತು, ನಿಯಮದಂತೆ ಮತ್ತೊಂದು ಸುತ್ತು ಕಾಯಬೇಕಾಗಿದ್ದ ಸೇಫ್ಟಿ ಕಾರನ್ನು ಅದೇ ಸುತ್ತಿನಲ್ಲಿ ಒಳಗೆ ಕರೆದರು. ಉಳಿದದ್ದು ಒಂದೇ ಸುತ್ತು. ಐದನೆಯ ತಿರುವಿನಲ್ಲಿ ವೆರ್‌ಸ್ಟಾಪನ್ ಮುಂದೆ ಹೋದರು, 395.5ಕ್ಕೆ 387.5ರ ಅಂತರದಲ್ಲಿ ಚಾಂಪಿಯನ್ ಆದರು.

ಹ್ಯಾಮಿಲ್ಟನ್ ಪಕ್ಷದವರು ಇದನ್ನು ದರೋಡೆಯೆಂದರು. ವೆರ್‌ಸ್ಟಾಪನ್ ಪಕ್ಷದವರ ಉತ್ತರವೂ ಹುರುಳಿಲ್ಲದ್ದಲ್ಲ: ಸಾಧ್ಯವಾದಷ್ಟೂ ಸ್ಪರ್ಧೆ ಓಡುತ್ತಲೇ ಮುಗಿಯಬೇಕೆಂದು ತಂಡಗಳೆಲ್ಲ ಮೊದಲೇ ಒಪ್ಪಿದ್ದವಲ್ಲವೆ, ಅದೇ ದಿನ ಮೊದಲ ಸುತ್ತಿನಲ್ಲಿ ಹ್ಯಾಮಿಲ್ಟನ್ ತಿರುವನ್ನು ಕತ್ತರಿಸಿಕೊಂಡು ಹೋದಾಗ ಸ್ಥಾನ ಬಿಟ್ಟುಕೊಡಬೇಕೆಂದು ಯಾರೂ ವಿಧಿಸಲಿಲ್ಲವಲ್ಲ, ಋತುವಿನಲ್ಲಿ ಎಂಟಕ್ಕೆ ಪ್ರತಿಯಾಗಿ ಹತ್ತು ಸ್ಪರ್ಧೆ ಗೆದ್ದವರು ಯಾರು ಎಂದು ಅವರು ಕೇಳಿದರು. ಇಬ್ಬರ ಮಾತನ್ನೂ ತೂಗಿದಾಗ ನನಗೆ ಹೆಚ್ಚು ಭಾರವಾಗಿ ತೋರುವುದು ಯಾರ ಪಕ್ಷಕ್ಕೂ ಸೇರದ ಮೂರನೆಯ ಸ್ಥಾನದ ಕಾರ್ಲೋಸ್ ಸೈನ್ಸ್ ಅವರ ಸಂಗತಿ. ಅವರ ಮುಂದಿದ್ದ ಹಿಂದುಳಿದ ಕಾರುಗಳನ್ನು ಯಾರೂ ತೆರವು ಮಾಡಲಿಲ್ಲ. ಒಬ್ಬನ ದಾರಿಯನ್ನು ಬಿಡಿಸಿ ಅವನ ಬೆನ್ನಿಗಿರುವವನ ದಾರಿಯನ್ನು ಹಾಗೆಯೇ ಬಿಟ್ಟ ತೀರ್ಪು, ಅದರ ಹಿಂದಿನ ಉದ್ದೇಶ ಎಷ್ಟೇ ನಿರ್ಮಲವಾಗಿದ್ದರೂ, ಸಮಾನ ನ್ಯಾಯವಾಗಲಾರದು. ಇದರಿಂದ ನಷ್ಟವಾದದ್ದು ಸೋತವರಿಗೆ ಮಾತ್ರವಲ್ಲ. ವರ್ಷವಿಡೀ ಅದ್ಭುತವಾಗಿ ಓಡಿಸಿದ ಚಾಲಕನ ಅಭಿಮಾನಿಗಳಿಗೂ ನಿಷ್ಕಳಂಕವಾಗಿ ಹಿಗ್ಗುವ ಹಕ್ಕು ತಪ್ಪಿಹೋಯಿತು, ಮತ್ತು ನನ್ನ ಮಟ್ಟಿಗೆ ಆ ನಷ್ಟ ಮೊದಲನೆಯದಕ್ಕಿಂತ ಕಿರಿದಲ್ಲ.

ಲತೀಫಿ ಅವರಿಗಾದದ್ದನ್ನು ನೆನೆದರೆ ಮನಸ್ಸು ಕುಗ್ಗುತ್ತದೆ. ಹಿಂದಿನ ಸಾಲಿನಲ್ಲಿ ತನ್ನ ಪಾಡಿಗೆ ಸ್ಪರ್ಧಿಸುತ್ತಿದ್ದ, ಗೋಡೆಗೆ ಬಡಿದದ್ದರ ಹೊರತು ಏನನ್ನೂ ಮಾಡದ ಆತನಿಗೆ ಕೊಲೆಬೆದರಿಕೆಗಳು ಬಂದುವು.

ಹ್ಯಾಮಿಲ್ಟನ್ ಅವರ ಮರ್ಸಿಡೀಸ್ ತಂಡ ಸಲ್ಲಿಸಿದ ಆಕ್ಷೇಪಣೆಗಳು ಅಂದೇ ತಿರಸ್ಕೃತವಾದುವು. ಮೇಲ್ಮನವಿಯ ಸೂಚನೆಯನ್ನು ಅವರು ಡಿಸೆಂಬರ್ 16ರಂದು ಹಿಂತೆಗೆದುಕೊಂಡರು. ಫೆಬ್ರವರಿಯಲ್ಲಿ ಮಾಸಿ ಅವರನ್ನು ಆ ಹುದ್ದೆಯಿಂದ ಬಿಡಿಸಲಾಯಿತು; ತಂಡದ ಮುಖ್ಯಸ್ಥರು ನಿರ್ದೇಶಕರೊಡನೆ ನಡೆಸುವ ರೇಡಿಯೋ ಸಂಭಾಷಣೆಯ ಪ್ರಸಾರ ನಿಂತಿತು. ನಡೆದದ್ದು ಮನುಷ್ಯಸಹಜ ಪ್ರಮಾದವೆಂದೂ, ಫಲಿತಾಂಶ ಮಾತ್ರ ಊರ್ಜಿತವೆಂದೂ ಅಂತಾರಾಷ್ಟ್ರೀಯ ಆಟೊಮೊಬೈಲ್ ಒಕ್ಕೂಟದ ವರದಿ ಮಾರ್ಚ್‌ನಲ್ಲಿ ಹೇಳಿತು. ಸೇಫ್ಟಿ ಕಾರಿನ ಹಿಂದೆ ದಾಟಿಸುವುದಾದರೆ ಹಿಂದುಳಿದ ಕಾರುಗಳನ್ನೆಲ್ಲ ದಾಟಿಸಬೇಕೆಂದೂ, ಮೊಟಕಾದ ಸ್ಪರ್ಧೆಗೆ ಓಡಿದ ದೂರಕ್ಕೆ ತಕ್ಕಂತೆ ಅಂಕಗಳನ್ನು ಹಂಚಬೇಕೆಂದೂ ನಿಯಮಗಳು ತಿದ್ದಲ್ಪಟ್ಟುವು. ಆಗಸ್ಟ್‌ನ ಮಳೆಯಲ್ಲಿ ನಿಂತವರು ಕೇಳಿದ್ದು ಬಹುಮಟ್ಟಿಗೆ ಇದನ್ನೇ.

ಆದರೂ 2022ರ ಅಕ್ಟೋಬರ್ 9ರಂದು ಜಪಾನಿನ ಸುಜುಕಾದಲ್ಲಿ ಮಳೆ ಸುರಿದು, ಐವತ್ತಮೂರರಲ್ಲಿ ಇಪ್ಪತ್ತೆಂಟೇ ಸುತ್ತು ಓಡಿದಾಗ, ಅಂಕ ಮೊಟಕಾಗುವುದೆಂದೇ ಪ್ರೇಕ್ಷಕರೂ ತಂಡಗಳೂ ಎಣಿಸಿದ್ದರು. ನಿಲ್ಲಿಸಿದ ಸ್ಪರ್ಧೆ ಮತ್ತೆ ಆರಂಭವಾಗದೆ ಹೋದರೆ ಮಾತ್ರ ಆ ಹೊಸ ಕಟ್ಟಳೆ ಅನ್ವಯಿಸುವುದೆಂದು ಅಧಿಕಾರಿಗಳು ಅರ್ಥೈಸಿ ಪೂರ್ಣ ಅಂಕಗಳನ್ನು ಕೊಟ್ಟರು. ತಾನು ಎರಡನೆಯ ಬಾರಿ ಚಾಂಪಿಯನ್ ಆದೆನೆಂಬುದು ಸ್ವತಃ ವೆರ್‌ಸ್ಟಾಪನ್ ಅವರಿಗೇ ಕೆಲಕಾಲ ಖಚಿತವಾಗಲಿಲ್ಲ. ಅದೇ ಓಟದ ಆರಂಭದಲ್ಲಿ, 2014ರಲ್ಲಿ ಜೂಲ್ಸ್ ಬಿಯಾಂಕಿ ಅವರು ಕ್ರೇನಿಗೆ ಢಿಕ್ಕಿ ಹೊಡೆದು ಮಾರಣಾಂತಿಕವಾಗಿ ಗಾಯಗೊಂಡ ಅದೇ ಪಥದಲ್ಲಿ, ಮಳೆಯ ಮಬ್ಬಿನೊಳಗೆ ಪಿಯರ್ ಗ್ಯಾಸ್ಲಿ ಅವರ ಕಾರು ಅಂಥದೇ ಒಂದು ವಾಹನದ ಪಕ್ಕದಿಂದ ಹಾದುಹೋಗಿತ್ತು. ಈ ಬಾರಿ ಚಾಲಕರೂ ಅಭಿಮಾನಿಗಳೂ ಪಕ್ಷಭೇದವಿಲ್ಲದೆ ಒಂದೇ ಕಂಠದಿಂದ ಪ್ರತಿಭಟಿಸಿದರು. ಮೊಟಕಾದ ಸ್ಪರ್ಧೆಯ ಅಂಕಗಳ ಕಟ್ಟಳೆಯನ್ನು 2023ಕ್ಕೆ ಮತ್ತೊಮ್ಮೆ ತಿದ್ದಬೇಕಾಯಿತು.